ತಲೆಗೆ ಕರೆಂಟ್ ಕೊಡಿಸುವ ಮೊದಲು

ಮನೋವೈದ್ಯರು "ಇಸಿಟಿ ಕೊಡೋಣ" ಅಂದ ಕೂಡಲೇ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು, "ಕರೆಂಟ್ ಕೊಡ್ತೀರಾ?" ಇಸಿಟಿ ಅಂದರೆ ಎಲೆಕ್ಟ್ರೋಕನ್ವಲ್ಸಿವ್ ಥೆರಪಿ, ತಲೆಗೆ ಸ್ವಲ್ಪ ಕರೆಂಟ್ ಹಾಯಿಸಿ ಮೆದುಳಿನಲ್ಲಿ ಫಿಟ್ಸ್ ಬರಿಸುವ ಚಿಕಿತ್ಸೆ. ಮನೆಯವರ ಆ ಪ್ರಶ್ನೆಯ ಹಿಂದೆ ಸಿನಿಮಾದಲ್ಲಿ ನೋಡಿದ ದೃಶ್ಯಗಳಿರುತ್ತವೆ. ಬೆಲ್ಟ್ ಹಾಕಿ ಕಟ್ಟಿದ ಕೈಕಾಲು, ಅರಚಾಟ, ಸಿಟ್ಟಿನ ಡಾಕ್ಟರು. ಸ್ವಲ್ಪ ಹೊತ್ತು ಬಿಟ್ಟು ಎರಡನೇ ಪ್ರಶ್ನೆ ಬರುತ್ತದೆ, ದನಿ ತಗ್ಗಿಸಿ. "ಆಮೇಲೆ ಅವರು ಮೊದಲಿನ ಥರಾನೇ ಇರ್ತಾರಾ?"

ಈ ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವವರು ನಮ್ಮಲ್ಲಿ ಕಮ್ಮಿ. ಓಪಿಡಿಯಲ್ಲಿ ಡಾಕ್ಟರಿಗೆ ಸಮಯ ಇರುವುದಿಲ್ಲ. ನೆಂಟರಿಗೆ ಗೊತ್ತಿರುವುದಿಲ್ಲ, ಆದರೂ ಹೇಳುತ್ತಾರೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಒಬ್ಬರು ಪವಾಡ ಅನ್ನುತ್ತಾರೆ, ಇನ್ನೊಬ್ಬರು ಹಿಂಸೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಈ ಪ್ರಶ್ನೆ ಬಂದಾಗಿನಿಂದ ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಈಗ ಅದೇ ಜಾಗದಲ್ಲಿ ನಿಂತಿರುವ ಯಾರಿಗಾದರೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಖಿನ್ನತೆಯ ಕಾಯಿಲೆ ಬಂದಿದ್ದು ನಮ್ಮ ದೊಡ್ಡಮ್ಮನಿಗೆ. ಮೊದಲು ಹೋಗಿದ್ದು ನಿದ್ದೆ. ಬೆಳಗಿನ ಜಾವ ಮೂರಕ್ಕೇ ಎದ್ದು ಹಿತ್ತಲಿನ ಕಟ್ಟೆ ಮೇಲೆ ಕೂತಿರುತ್ತಿದ್ದರು. ಆಮೇಲೆ ರುಚಿ ಹೋಯಿತು. ವಯಸ್ಸಿನ ಕಾರಣ ಅಂದರು, ದೃಷ್ಟಿ ಅಂದರು, ಮಗಳ ಮದುವೆ ಆದಮೇಲೆ ಮನೆ ಬಿಕೋ ಅನ್ನುತ್ತಿದೆ ಅಂದರು. ಎಲ್ಲವೂ ನಂಬುವ ಹಾಗೇ ಇದ್ದವು. ಹರಕೆ ಹೊತ್ತೆವು. ಮಾತ್ರೆ ಶುರು ಮಾಡಿದೆವು, ಅದು ಆಗಲಿಲ್ಲ ಅಂತ ಇನ್ನೊಂದಕ್ಕೆ ಬದಲಾಯಿಸಿದರು. ಅಷ್ಟರಲ್ಲಿ ದೊಡ್ಡಮ್ಮ ಬೇರೆ ಥರದ ಮಾತು ಆಡತೊಡಗಿದ್ದರು. "ನನ್ನ ಕರುಳೆಲ್ಲ ಒಣಗಿ ಹೋಗಿದೆ, ಅನ್ನ ಹಾಕಿದ್ರೆ ಎಲ್ಲಿಗೆ ಹೋಗ್ತದೆ?" ಅನ್ನುತ್ತಿದ್ದರು. ಮನೆ ದುಡ್ಡನ್ನೆಲ್ಲ ತಾನೇ ಹಾಳು ಮಾಡಿದೆ, ಪೊಲೀಸರು ಬರುತ್ತಾರೆ ಅನ್ನುತ್ತಿದ್ದರು. ಅವರು ಯಾರ ಒಂದು ರೂಪಾಯಿಯನ್ನೂ ಹಾಳು ಮಾಡಿದವರಲ್ಲ. ಕೊನೆಗೆ ಊಟ ಬಿಟ್ಟರು. ಆಮೇಲೆ ನೀರನ್ನೂ ಬೇಡ ಅನ್ನತೊಡಗಿದರು.

ಡಾಕ್ಟರು ಇಸಿಟಿ ಹೇಳಿದಾಗ ದೊಡ್ಡಪ್ಪ ಬೇಡ ಅಂದರು. ಬೇಡ ಅಂದಿದ್ದು ಪ್ರೀತಿಯಿಂದಲೇ. ಆದರೆ ಒಪ್ಪಿಗೆ ಬರುವಷ್ಟರಲ್ಲಿ ವಾರಗಳು ಹೋದವು, ದೊಡ್ಡಮ್ಮನ ಕೈಬಳೆ ತಾನಾಗಿ ಜಾರಿ ಬೀಳುವಷ್ಟು ಮೈ ಇಳಿದಿತ್ತು. ಕೊನೆಗೂ ಚಿಕಿತ್ಸೆ ಶುರುವಾಯಿತು. ಒಂದಷ್ಟು ಸಲ ಆದಮೇಲೆ ಒಂದು ಮಧ್ಯಾಹ್ನ ಅವರ ಮುಂದೆ ತಟ್ಟೆ ಇಟ್ಟಾಗ ದೊಡ್ಡಮ್ಮ ಕೇಳಿದ್ದು, "ನೆಂಚ್ಕೊಳ್ಳೋಕೆ ಏನೂ ಇಲ್ವಾ?" ಇಡೀ ಮನೆ ಅವತ್ತು ಅತ್ತಿತು.

ಈ ಕಥೆ ಹೇಳಿದ್ದು ಇಸಿಟಿ ಎಲ್ಲರಿಗೂ ಹೀಗೇ ಕೆಲಸ ಮಾಡುತ್ತದೆ ಅಂತಲ್ಲ. ನನ್ನನ್ನು ಇವತ್ತಿಗೂ ಕಾಡುವುದು ಆ ಹೋದ ವಾರಗಳು. ಖಿನ್ನತೆಯ ಜೊತೆ ಇಂಥ ಭ್ರಮೆಗಳು ಸೇರಿಕೊಂಡಾಗ, ಊಟ ನೀರು ನಿಂತಾಗ, ಮೈ ಮರಗಟ್ಟಿ ಮಾತೇ ನಿಂತುಹೋದಾಗ, ಪ್ರಾಣ ಕಳೆದುಕೊಳ್ಳುವ ಯೋಚನೆ ತೀವ್ರವಾದಾಗ ಇಸಿಟಿಯನ್ನು ಮೊದಲ ಸಾಲಿನಲ್ಲೇ ಯೋಚಿಸಬೇಕು ಅಂತ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ನಾವು ಮಾತ್ರ ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದೇವೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಕಾಯಿಲೆ ನೋಡಿ ತೀರ್ಮಾನಿಸುವುದಿಲ್ಲ. ನಮ್ಮ ಹೆದರಿಕೆಯೇ ತೀರ್ಮಾನಿಸಿಬಿಡುತ್ತದೆ.

ಹೆದರಿಕೆ ಸುಮ್ನೆ ಬಂದಿದ್ದಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ಇದರ ಹಳೆಯ ಕಥೆ ಅಷ್ಟು ಹಿತವಾಗಿಲ್ಲ.

1934ರಲ್ಲಿ ಬುಡಾಪೆಸ್ಟ್‌ನಲ್ಲಿ ಲಾಡಿಸ್ಲಾಸ್ ಮೆಡುನಾ ಅನ್ನುವ ವೈದ್ಯ ಒಂದು ಊಹೆಯ ಮೇಲೆ ಕೆಲಸ ಶುರು ಮಾಡಿದ. ಮೂರ್ಛೆರೋಗ ಮತ್ತು ಇಲ್ಲದ ದನಿ ಕೇಳಿಸುವ, ಭ್ರಮೆ ಬರಿಸುವ ಸ್ಕಿಜೋಫ್ರೇನಿಯಾ ಒಂದಕ್ಕೊಂದು ಆಗಿಬರುವುದಿಲ್ಲ, ಹಾಗಾಗಿ ಬೇಕಂತಲೇ ಫಿಟ್ಸ್ ಬರಿಸಿದರೆ ಮನಸ್ಸಿನ ಕಾಯಿಲೆ ಹೋಗಬಹುದು ಅಂತ. ಊಹೆ ತಪ್ಪಾಗಿತ್ತು. ಆದರೆ ಕರ್ಪೂರದ ಇಂಜೆಕ್ಷನ್ ಕೊಟ್ಟು ಫಿಟ್ಸ್ ಬರಿಸಿದಾಗ ಕೆಲವು ರೋಗಿಗಳು ನಿಜವಾಗಿಯೂ ಸುಧಾರಿಸಿದರು. ಇಲ್ಲಿ ಗಮನಿಸಬೇಕಾದ್ದು ಏನಂದರೆ, ಆಗ ಈ ಚಿಕಿತ್ಸೆಯಲ್ಲಿ ಕರೆಂಟೇ ಇರಲಿಲ್ಲ. ಇವತ್ತಿಗೂ ಇಸಿಟಿಯಲ್ಲಿ ಕೆಲಸ ಮಾಡುವುದು ಕರೆಂಟಲ್ಲ, ಅದು ಮೆದುಳಿನಲ್ಲಿ ಎಬ್ಬಿಸುವ ಫಿಟ್ಸ್. ಕರೆಂಟ್ ಬರೀ ಕಿಡಿ ಹಚ್ಚುತ್ತದೆ. ಕರ್ಪೂರ, ಆಮೇಲೆ ಬಂದ ಮೆಟ್ರಾಜಾಲ್ ಅನ್ನುವ ಔಷಧಿ, ಇವುಗಳಲ್ಲಿ ಒಂದು ತೊಂದರೆ ಇತ್ತು. ಇಂಜೆಕ್ಷನ್ ಆದಮೇಲೆ ಫಿಟ್ಸ್ ಬರುವವರೆಗೆ ರೋಗಿಗೆ ಎಚ್ಚರ ಇರುತ್ತಿತ್ತು, ಆ ಹೊತ್ತಿನ ಭಯ ತಡೆಯಲು ಆಗುತ್ತಿರಲಿಲ್ಲ.

ಅದಕ್ಕೆ ಬದಲಿ ಹುಡುಕುತ್ತಿದ್ದವರು ರೋಮ್‌ನ ಉಗೊ ಚೆರ್ಲೆಟ್ಟಿ ಮತ್ತು ಲೂಚಿಯೊ ಬಿನಿ. ಚೆರ್ಲೆಟ್ಟಿ ರೋಮ್‌ನ ಕಸಾಯಿಖಾನೆಗೆ ಹೋಗಿ ನೋಡಿದರು. ಅಲ್ಲಿ ಹಂದಿಗಳ ತಲೆಗೆ ಕರೆಂಟ್ ಕೊಟ್ಟು ಪ್ರಜ್ಞೆ ತಪ್ಪಿಸುತ್ತಿದ್ದರು. ಹಂದಿಗಳು ಕರೆಂಟಿನಿಂದ ಸಾಯುತ್ತಿರಲಿಲ್ಲ ಅನ್ನುವುದು ಅವರಿಗೆ ಮುಖ್ಯವಾಗಿ ಕಂಡಿತು. ಬಿನಿ ಯಂತ್ರ ಕಟ್ಟಿದರು. 1938ರ ಏಪ್ರಿಲ್‌ನಲ್ಲಿ, ರೈಲ್ವೆ ನಿಲ್ದಾಣದಲ್ಲಿ ದಿಕ್ಕುತೋಚದೆ ಅಲೆಯುತ್ತಿದ್ದಾಗ ಪೊಲೀಸರು ಹಿಡಿದು ತಂದಿದ್ದ ಒಬ್ಬ ಮನುಷ್ಯನ ಮೇಲೆ ಮೊದಲ ಪ್ರಯೋಗ ನಡೆಯಿತು. ಮೊದಲ ಸಲ ಕೊಟ್ಟ ಕರೆಂಟ್ ಸಾಲಲಿಲ್ಲ. ಇನ್ನೊಮ್ಮೆ ಕೊಡಲು ಹೊರಟಾಗ ಆ ಮನುಷ್ಯ, ಮತ್ತೆ ಬೇಡ, ಸತ್ತೇ ಹೋಗ್ತೀನಿ ಅನ್ನುವ ಅರ್ಥ ಬರುವ ಮಾತಾಡಿದ. ಇದನ್ನು ಬರೆದಿಟ್ಟವರು ಚೆರ್ಲೆಟ್ಟಿಯೇ. ಆದರೂ ಕೊಟ್ಟರು. ಆತ ಸುಧಾರಿಸಿದ ಅಂತಲೂ ಬರೆದರು. ನನಗೆ ಈ ಘಟನೆಯಲ್ಲಿ ಎರಡೂ ಕಾಣುತ್ತದೆ. ಪರಿಣಾಮ ಇರುವ ಚಿಕಿತ್ಸೆ ಸಿಕ್ಕಿದ ದಿನ ಅದು. ರೋಗಿ ಬೇಡ ಅಂದರೂ ಕೇಳದ ದಿನವೂ ಅದೇ. ಮುಂದಿನ ಹಲವು ದಶಕ ಈ ಚಿಕಿತ್ಸೆಗೆ ಅಂಟಿಕೊಂಡ ಕೆಟ್ಟ ಹೆಸರೆಲ್ಲ ಆ ಎರಡನೆಯದರಿಂದಲೇ ಬಂದಿದ್ದು.

ಆಗ ಇಸಿಟಿಗೆ ಅರಿವಳಿಕೆ ಕೊಡುತ್ತಿರಲಿಲ್ಲ. ಮೈಯೆಲ್ಲ ಸೆಟೆದು ಮೂಳೆ ಮುರಿಯುತ್ತಿದ್ದವು. ಹಲವು ದೇಶಗಳ ಮಾನಸಿಕ ಆಸ್ಪತ್ರೆಗಳಲ್ಲಿ ಹೇಳಿದ ಮಾತು ಕೇಳದವರಿಗೆ ಶಿಕ್ಷೆಯ ಹಾಗೆ ಬಳಸಿದ್ದೂ ಇದೆ. 1950ರ ದಶಕದಲ್ಲಿ ಸ್ನಾಯು ಸಡಿಲಿಸುವ ಔಷಧಿ ಮತ್ತು ಅರಿವಳಿಕೆ ಸೇರಿಕೊಂಡ ಮೇಲೆ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ನಮ್ಮ ದೇಶದಲ್ಲಿ ಮಾತ್ರ ಅರಿವಳಿಕೆ ತಜ್ಞರಿಲ್ಲ, ಖರ್ಚು ಜಾಸ್ತಿ ಅನ್ನುವ ಕಾರಣಕ್ಕೆ ಹಳೆಯ ರೀತಿ ತುಂಬಾ ವರ್ಷ ಉಳಿದುಕೊಂಡಿತ್ತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ನಿಷೇಧಿಸಿತು. ಅರಿವಳಿಕೆ ಇಲ್ಲದೆ ಇಸಿಟಿ ಕೊಡುವ ಹಾಗಿಲ್ಲ. ಹದಿನೆಂಟು ತುಂಬದವರಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆಯ ಜೊತೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಮುಂಗಡ ಅನುಮತಿ ಬೇಕು. ತುರ್ತು ಚಿಕಿತ್ಸೆ ಅನ್ನುವ ನೆಪದಲ್ಲೂ ಕೊಡುವಂತಿಲ್ಲ. ಇನ್ನೊಂದು ಒಳ್ಳೆಯ ಅಂಶ ಆ ಕಾಯ್ದೆಯಲ್ಲಿದೆ. ನಾವು ಚೆನ್ನಾಗಿರುವಾಗಲೇ, ಮುಂದೆ ಕಾಯಿಲೆ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಬರೆದಿಡಬಹುದು. ಎಷ್ಟು ಜನರಿಗೆ ಇದು ಗೊತ್ತು?

ಈಗ ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಗೊತ್ತಾದರೆ ಅರ್ಧ ಭಯ ಹೋಗುತ್ತದೆ, ನಮಗೂ ಹಾಗೇ ಆಯಿತು. ರಾತ್ರಿಯಿಂದ ಏನೂ ತಿನ್ನುವಂತಿಲ್ಲ. ಬೆಳಿಗ್ಗೆ ಕೈಗೆ ಸೂಜಿ ಹಾಕಿ ಅರಿವಳಿಕೆ ಕೊಡುತ್ತಾರೆ, ರೋಗಿಗೆ ನಿದ್ದೆ ಬಂದ ಮೇಲೆ ಸ್ನಾಯು ಸಡಿಲಿಸುವ ಔಷಧಿ. ಆಕ್ಸಿಜನ್ ಇರುತ್ತದೆ. ಹಲ್ಲಿನ ಮಧ್ಯೆ ಒಂದು ರಬ್ಬರ್ ತುಂಡು. ಕೆಲವೇ ಸೆಕೆಂಡು ಸಣ್ಣ ಸಣ್ಣ ಪಲ್ಸ್‌ಗಳಲ್ಲಿ ಕರೆಂಟ್ ಹೋಗುತ್ತದೆ, ಮೆದುಳಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷದಷ್ಟು ಫಿಟ್ಸ್ ನಡೆಯುತ್ತದೆ. ಮೈ ಸಡಿಲವಾಗಿರುವುದರಿಂದ ಹೊರಗೆ ಅದು ಕಾಣುವುದೇ ಇಲ್ಲ. ಅದಕ್ಕೇ ಒಂದು ಕಾಲಿಗೆ ಬಿಪಿ ನೋಡುವ ಪಟ್ಟಿ ಬಿಗಿದು ಔಷಧಿ ಅಲ್ಲಿಗೆ ಹೋಗದ ಹಾಗೆ ಮಾಡಿರುತ್ತಾರೆ. ಆ ಪಾದ ಅದುರುವುದನ್ನು ನೋಡಿ, ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿಯ ಗೆರೆ ನೋಡಿ, ಫಿಟ್ಸ್ ಸರಿಯಾಗಿ ಬಂತಾ ಅಂತ ತಿಳಿಯುತ್ತಾರೆ. ಕೆಲವು ನಿಮಿಷಕ್ಕೆ ಎಚ್ಚರ ಬರುತ್ತದೆ, ಸ್ವಲ್ಪ ಹೊತ್ತು ಗೊಂದಲ, ತಲೆನೋವು. ಹೀಗೆ ವಾರಕ್ಕೆ ಎರಡೋ ಮೂರೋ ಸಲ, ಒಟ್ಟು ಸಾಮಾನ್ಯವಾಗಿ ಆರರಿಂದ ಹನ್ನೆರಡು.

ಜೀವಕ್ಕೆ ಅಪಾಯ ತೀರಾ ಕಮ್ಮಿ. ಅರಿವಳಿಕೆ ಕೊಟ್ಟು ಮಾಡುವ ಬೇರೆ ಸಣ್ಣಪುಟ್ಟ ಚಿಕಿತ್ಸೆಗಳಲ್ಲಿ ಇರುವಷ್ಟೇ. ನಿಜವಾದ ಪ್ರಶ್ನೆ ನೆನಪಿನದು.

ಇದರ ಬಗ್ಗೆ ಕೆಲವು ಡಾಕ್ಟರುಗಳು "ಏನೂ ಆಗಲ್ಲ" ಅಂದುಬಿಡುತ್ತಾರೆ. ಅದು ತಪ್ಪು. ಹೊಸದನ್ನು ಕಲಿಯುವ, ನೆನಪಿಡುವ ಶಕ್ತಿ ಚಿಕಿತ್ಸೆ ಮುಗಿದು ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ವಾಪಸ್ ಬರುತ್ತದೆ. ಆದರೆ ಚಿಕಿತ್ಸೆಯ ಹಿಂದುಮುಂದಿನ ತಿಂಗಳುಗಳ ಕೆಲವು ಘಟನೆಗಳು ಅಳಿಸಿಹೋಗಬಹುದು, ಕೆಲವರಿಗೆ ಅವು ಮತ್ತೆ ಸಿಗುವುದೇ ಇಲ್ಲ. ನಮ್ಮ ದೊಡ್ಡಮ್ಮನಿಗೆ ಮೊಮ್ಮಗಳ ನಾಮಕರಣ ನೆನಪಿಲ್ಲ. ಫೋಟೋದಲ್ಲಿ ತಾವು ಮಗು ಎತ್ತಿಕೊಂಡಿರುವುದನ್ನು ನೋಡಿ, "ನಾನು ಇದ್ದೆನಾ ಅವತ್ತು?" ಅಂತ ಕೇಳುತ್ತಾರೆ. ಅವತ್ತು ಅವರು ಇದ್ದ ಸ್ಥಿತಿಯೇ ಹಾಗಿತ್ತು, ಕಾಯಿಲೆಯೂ ನೆನಪನ್ನು ತಿನ್ನುತ್ತದೆ. ಎಷ್ಟು ಕಾಯಿಲೆ ತಿಂದಿದ್ದು, ಎಷ್ಟು ಚಿಕಿತ್ಸೆ ತಿಂದಿದ್ದು ಅಂತ ಬೇರೆ ಮಾಡಲು ಆಗುವುದಿಲ್ಲ. ಆದರೆ ನಷ್ಟ ನಿಜ. ಅದನ್ನು ಮೊದಲೇ ಬಾಯಿಬಿಟ್ಟು ಹೇಳಿದರೆ ಜನ ಓಡಿಹೋಗುತ್ತಾರೆ ಅಂತ ಡಾಕ್ಟರು ಅಂದುಕೊಂಡಿರಬಹುದು. ನನ್ನ ಅನುಭವ ಉಲ್ಟಾ. ನಮ್ಮ ದೊಡ್ಡಪ್ಪ ಕೊನೆಗೆ ಒಪ್ಪಿದ್ದು, ಒಬ್ಬ ಕಿರಿಯ ವೈದ್ಯೆ ಕೂತು ನೆನಪಿನ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಿದ ಮೇಲೆ. ಮುಚ್ಚಿಡುತ್ತಿಲ್ಲ ಅಂತ ಗೊತ್ತಾದಾಗ ನಂಬಿಕೆ ಬಂತು.

ನಷ್ಟ ಕಮ್ಮಿ ಮಾಡುವ ದಾರಿಗಳೂ ಇವೆ. ತಲೆಯ ಎರಡೂ ಕಡೆ ಕೊಡುವ ಬದಲು ಬಲಗಡೆ ಮಾತ್ರ ಕೊಡಬಹುದು, ಪಲ್ಸ್ ಇನ್ನೂ ಸಣ್ಣದು ಮಾಡಬಹುದು. ನೆನಪಿಗೆ ಪೆಟ್ಟು ಕಮ್ಮಿ, ಆದರೆ ಗುಣ ಸ್ವಲ್ಪ ನಿಧಾನ ಆಗಬಹುದು. ಊಟ ಬಿಟ್ಟು ಮಲಗಿದವರಿಗೆ ನಿಧಾನ ಮಾಡುವಷ್ಟು ಸಮಯ ಇರುವುದಿಲ್ಲ. ಇಂಥ ಆಯ್ಕೆ ಇದೆ ಅಂತ ಮನೆಯವರಿಗೆ ತಿಳಿಸುವುದು ಡಾಕ್ಟರ ಕರ್ತವ್ಯ ಅಂತ ನಾನು ನಂಬುತ್ತೇನೆ.

ಮತ್ತೊಂದು ವಿಷಯ ಇನ್ನೂ ಕಮ್ಮಿ ಜನರಿಗೆ ಗೊತ್ತು. ಇಸಿಟಿ ಮೇಲೆತ್ತುತ್ತದೆ, ಮೇಲೆಯೇ ಹಿಡಿದಿಡುವುದಿಲ್ಲ. 2001ರಲ್ಲಿ ಅಮೆರಿಕದ ಹೆರಾಲ್ಡ್ ಸ್ಯಾಕೈಮ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಇದನ್ನು ಖಡಾಖಂಡಿತವಾಗಿ ತೋರಿಸಿತು. ಇಸಿಟಿಯಿಂದ ಗುಣವಾದವರಲ್ಲಿ ಒಂದು ಗುಂಪಿಗೆ ಬರೀ ಹುಸಿ ಮಾತ್ರೆ, ಅಂದರೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟರು. ಆರು ತಿಂಗಳೊಳಗೆ ಅವರಲ್ಲಿ ನೂರಕ್ಕೆ 84 ಜನರಿಗೆ ಕಾಯಿಲೆ ಮರಳಿತು. ನಾರ್‌ಟ್ರಿಪ್ಟಲಿನ್ ಅನ್ನುವ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟವರಲ್ಲಿ 60, ಅದರ ಜೊತೆ ಲಿಥಿಯಂ ಅನ್ನುವ ಇನ್ನೊಂದು ಔಷಧಿ ಕೂಡ ಕೊಟ್ಟವರಲ್ಲಿ 39. ಅಂದರೆ ಗುಣವಾಯಿತು ಅಂತ ಮಾತ್ರೆ ನಿಲ್ಲಿಸಿದವರು ಹೆಚ್ಚುಕಮ್ಮಿ ಎಲ್ಲರೂ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ಆಗ ಜನ ಹೇಳುವುದು, "ಕರೆಂಟ್ ಕೊಟ್ರೂ ಉಪಯೋಗ ಆಗ್ಲಿಲ್ಲ." ದೊಡ್ಡಮ್ಮ ಇವತ್ತಿಗೂ ಮಾತ್ರೆ ತಗೊಳ್ಳುತ್ತಾರೆ, ಬಿಪಿ ಮಾತ್ರೆಯ ಜೊತೆಗೇ.

ಇಷ್ಟು ಓದಿದವರು ಕೇಳಬಹುದು, ಫಿಟ್ಸ್ ಇಲ್ಲದೆ, ಅರಿವಳಿಕೆ ಇಲ್ಲದೆ, ನೆನಪು ಹೋಗದೆ ಮೆದುಳಿಗೆ ಚಿಕಿತ್ಸೆ ಕೊಡಲು ಆಗುವುದಿಲ್ವಾ? ಆಗುತ್ತದೆ, ಎಲ್ಲರಿಗೂ ಅಲ್ಲ.

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಜೊತೆಗಾರರು ತಲೆಯ ಹೊರಗೆ ಒಂದು ಸುರುಳಿ ಹಿಡಿದು ಕಾಂತಶಕ್ತಿಯ ಮೂಲಕ ಮೆದುಳಿನ ಒಂದು ಭಾಗವನ್ನು ಚುರುಕುಗೊಳಿಸಬಹುದು ಅಂತ ತೋರಿಸಿದರು. ಅದೇ ಟಿಎಂಎಸ್. ಖಿನ್ನತೆಗೆ ಎಡಗಡೆ ಹಣೆಯ ಮೇಲ್ಭಾಗದಲ್ಲಿ ಕೊಡುತ್ತಾರೆ. ರೋಗಿ ಎಚ್ಚರವಾಗಿ ಕುರ್ಚಿಯಲ್ಲಿ ಕೂತಿರುತ್ತಾರೆ. ಮರಕುಟಿಗ ಮರ ಕುಟ್ಟಿದ ಹಾಗೆ ಟಕಟಕ ಶಬ್ದ, ತಲೆಯ ಚರ್ಮಕ್ಕೆ ಸ್ವಲ್ಪ ಚುರುಕು. ಮುಗಿದ ಮೇಲೆ ಎದ್ದು ಕೆಲಸಕ್ಕೆ ಹೋಗಬಹುದು. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಖಿನ್ನತೆಗೆ ಇದನ್ನು ಒಪ್ಪಿತು, 2018ರಲ್ಲಿ ಒಸಿಡಿಗೂ, ಅಂದರೆ ಒಂದೇ ಯೋಚನೆ ಬಿಡದೆ ಮತ್ತೆ ಮತ್ತೆ ಕಾಡುವ ಕಾಯಿಲೆಗೂ. ತಲೆಯೊಳಗೆ ಲೋಹದ ಕ್ಲಿಪ್ಪು, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲು ಒಳಗೆ ಅಳವಡಿಸಿದ ಸಾಧನ) ಇರುವವರಿಗೆ ಆಗುವುದಿಲ್ಲ. ಫಿಟ್ಸ್ ಬರುವ ಸಾಧ್ಯತೆ ಇದೆ, ತೀರಾ ಅಪರೂಪ.

ನನಗೆ ಇದರ ಬಗ್ಗೆ ತುಂಬಾ ಆಸೆ ಇದೆ. ಒಂದೆರಡು ಮಾತ್ರೆ ಕೆಲಸ ಮಾಡದೆ ಎಷ್ಟೋ ಜನ ಅರ್ಧಂಬರ್ಧ ಬದುಕುತ್ತಿರುತ್ತಾರೆ, ಆಫೀಸಿಗೂ ಹೋಗುತ್ತಾರೆ, ಅಡಿಗೆಯನ್ನೂ ಮಾಡುತ್ತಾರೆ, ಯಾವುದರಲ್ಲೂ ಜೀವ ಇರುವುದಿಲ್ಲ. ಅಂಥವರಿಗೆ ಇದು ಹೇಳಿ ಮಾಡಿಸಿದ ಚಿಕಿತ್ಸೆ. ಆದರೆ ನಮ್ಮ ದೊಡ್ಡಮ್ಮನ ಥರ ಭ್ರಮೆ ಬಂದು ಊಟ ಬಿಟ್ಟವರಿಗೆ ಇದನ್ನು ನೆಚ್ಚಿಕೊಂಡು ಕೂರಬಾರದು. ಅಲ್ಲಿ ಇಸಿಟಿಯ ಶಕ್ತಿ ಜಾಸ್ತಿ.

ಇನ್ನೊಂದು ತೊಡಕು ದೂರದ್ದು. ಟಿಎಂಎಸ್ ಅಂದರೆ ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. ಹಿರಿಯೂರಿನವರೋ ಸಿಂಧನೂರಿನವರೋ ಯಂತ್ರ ಇರುವ ಊರಿನಲ್ಲಿ ಒಂದೂವರೆ ತಿಂಗಳು ರೂಮ್ ಮಾಡಿಕೊಂಡು ಇರಬೇಕು, ಜೊತೆಗೊಬ್ಬರು ಕೂಲಿ ಬಿಟ್ಟು ಬರಬೇಕು. ಈ ವಿಷಯದಲ್ಲಿ ಒಳ್ಳೆಯ ಸುದ್ದಿ ಬಂದಿದೆ. ಕೆನಡಾದಲ್ಲಿ 414 ರೋಗಿಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಥೀಟಾ ಬರ್ಸ್ಟ್ ಅನ್ನುವ ಹೊಸ ವಿಧಾನದಲ್ಲಿ ದಿನಕ್ಕೆ ಮೂರೇ ನಿಮಿಷ ಕೊಟ್ಟರೂ ಹಳೆಯ ಮೂವತ್ತೇಳೂವರೆ ನಿಮಿಷದ ಚಿಕಿತ್ಸೆಗಿಂತ ಫಲ ಕಮ್ಮಿ ಇರಲಿಲ್ಲ. ಒಂದೇ ಯಂತ್ರದಲ್ಲಿ ಎಷ್ಟು ಹೆಚ್ಚು ಜನರನ್ನು ನೋಡಬಹುದು ಯೋಚಿಸಿ. ಸ್ಟ್ಯಾನ್‌ಫರ್ಡ್‌ನಲ್ಲಿ ನೋಲನ್ ವಿಲಿಯಮ್ಸ್ ತಂಡ ಇನ್ನೂ ಮುಂದೆ ಹೋಯಿತು. ಎಂಆರ್‌ಐ ನೋಡಿ ಜಾಗ ಗುರುತಿಸಿ, ದಿನಕ್ಕೆ ಹತ್ತು ಸಲದಂತೆ ಐದೇ ದಿನಕ್ಕೆ ಮುಗಿಸಿತು. ನಿಜವಾದ ಚಿಕಿತ್ಸೆ ಪಡೆದವರಲ್ಲಿ ಐದರಲ್ಲಿ ನಾಲ್ಕರಷ್ಟು ಜನ ನಾಲ್ಕು ವಾರದೊಳಗೆ ಒಂದಲ್ಲ ಒಂದು ಹಂತದಲ್ಲಿ ಪೂರ್ತಿ ಚೇತರಿಸಿದರು, ಹುಸಿ ಚಿಕಿತ್ಸೆ ಪಡೆದವರಲ್ಲಿ ಎಂಟರಲ್ಲಿ ಒಬ್ಬರಷ್ಟೇ. ಆದರೆ ಅದರಲ್ಲಿ ಇದ್ದವರು ಎರಡೂ ಗುಂಪು ಸೇರಿ 29 ಜನ. ಇಷ್ಟು ಸಣ್ಣ ಅಧ್ಯಯನ ನೋಡಿ ಕುಣಿಯುವುದು ಬೇಡ, ಹಾಗಂತ ಕಡೆಗಣಿಸುವುದೂ ಬೇಡ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಈ ಕ್ಷೇತ್ರದಲ್ಲಿ ಬರೀ ಚಿಕಿತ್ಸೆ ಕೊಡುವ ಜಾಗವಲ್ಲ. ಇಸಿಟಿಯನ್ನು ಇಮಿಪ್ರಮಿನ್ ಅನ್ನುವ ಖಿನ್ನತೆಯ ಮಾತ್ರೆಯ ಜೊತೆ, ಯಾರಿಗೆ ಯಾವುದು ಅಂತ ಗೊತ್ತಾಗದ ಹಾಗೆ ಹೋಲಿಸಿ ನೋಡಿದ ಬಿ. ಎನ್. ಗಂಗಾಧರ್ ಮತ್ತು ಸಹೋದ್ಯೋಗಿಗಳ ಅಧ್ಯಯನ 1982ರಲ್ಲೇ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಮುಂದೆ ಅವರೇ ನಿಮ್ಹಾನ್ಸ್ ನಿರ್ದೇಶಕರಾದರು. ಗಣೇಶನ್ ವೆಂಕಟಸುಬ್ರಮಣಿಯನ್ ಮತ್ತು ತಂಡ ಟಿಡಿಸಿಎಸ್ ಅನ್ನುವ ಇನ್ನೊಂದು ವಿಧಾನದ ಮೇಲೆ ಕೆಲಸ ಮಾಡಿದೆ. ಇದರಲ್ಲಿ ತಲೆಯ ಹೊರಗಿನಿಂದ ಬರೀ ಎರಡು ಮಿಲಿಆಂಪಿಯರ್ ಕರೆಂಟ್ ಇಪ್ಪತ್ತು ನಿಮಿಷ ಹರಿಯುತ್ತದೆ. ಮಾತ್ರೆಗೂ ಜಗ್ಗದ, ಕಿವಿಯಲ್ಲಿ ದನಿ ಕೇಳಿಸುವ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಅವರು ಇದನ್ನು ಪರೀಕ್ಷಿಸಿದರು. ಖಿನ್ನತೆಯಲ್ಲಿ ಇದರ ಫಲ ಸಾಧಾರಣ. ಬ್ರೆಜಿಲ್‌ನ ದೊಡ್ಡ ಅಧ್ಯಯನವೊಂದರಲ್ಲಿ ಹುಸಿ ಚಿಕಿತ್ಸೆಗಿಂತ ಮೇಲು ಅಂತ ಕಂಡಿತು, ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಮ್ ಮಾತ್ರೆಗೆ ಸಮ ಅಂತ ತೋರಿಸಲು ಆಗಲಿಲ್ಲ. ಆನ್‌ಲೈನ್‌ನಲ್ಲಿ ಇಂಥ ಹೆಡ್‌ಬ್ಯಾಂಡ್‌ಗಳು ಸಿಗುತ್ತವೆ. ದಯವಿಟ್ಟು ಡಾಕ್ಟರನ್ನು ಕೇಳದೆ ತರಿಸಿ ಹಾಕಿಕೊಳ್ಳಬೇಡಿ.

ತಲೆಬುರುಡೆ ತೂತು ಮಾಡಿ ಒಳಗೇ ತಂತಿ ಇಡುವ ಡಿಬಿಎಸ್ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಯಾಕೆಂದರೆ ಅದು ಖಿನ್ನತೆಗೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ನರವಿಜ್ಞಾನಿ ಹೆಲೆನ್ ಮೇಬರ್ಗ್ ಮತ್ತು ಶಸ್ತ್ರಚಿಕಿತ್ಸಕ ಆಂಡ್ರೆಸ್ ಲೊಜಾನೊ ಟೊರಾಂಟೊದಲ್ಲಿ ಆರು ಜನರಿಗೆ ಮಾಡಿ 2005ರಲ್ಲಿ ಪ್ರಕಟಿಸಿದರು. ಯಾವುದಕ್ಕೂ ಬಗ್ಗದ ಖಿನ್ನತೆ ಇದ್ದ ಆ ಆರರಲ್ಲಿ ನಾಲ್ವರು ಚೇತರಿಸಿದರು. ಆಮೇಲೆ 90 ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಆರು ತಿಂಗಳಿಗೆ ಹುಸಿ ಚಿಕಿತ್ಸೆಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ನಿಂತಿತು. ಆದರೆ ಸಾಧನ ಚಾಲೂ ಇಟ್ಟುಕೊಂಡವರನ್ನು ಎರಡು ವರ್ಷ ಗಮನಿಸಿದಾಗ ಅರ್ಧದಷ್ಟು ಜನ ಸುಧಾರಿಸಿದ್ದರು. ಮೆದುಳು ಬದಲಾಗಲು ಆರು ತಿಂಗಳು ಸಾಲದೇನೋ, ಪ್ರಯೋಗ ನಿಲ್ಲಿಸುವವರಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಇವೆಲ್ಲ ಇದ್ದರೂ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಖಿನ್ನತೆ ಇರುವ ನೂರು ಜನರಲ್ಲಿ ಸುಮಾರು 85 ಜನರಿಗೆ ಯಾವ ಚಿಕಿತ್ಸೆಯೂ ಸಿಗುತ್ತಿಲ್ಲ. ಮಾತ್ರೆಯೂ ಇಲ್ಲ, ಮಾತೂ ಇಲ್ಲ. ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದವರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ನಿಮ್ಮ ಮನೆಯವರಿಗೆ ಇಸಿಟಿ ಹೇಳಿದ್ದರೆ, ನಾನು ಫೋನಿನಲ್ಲಿ ಕೇಳಿದವರಿಗೆಲ್ಲ ಹೇಳುವುದು ಇಷ್ಟು. ಅರಿವಳಿಕೆ ತಜ್ಞರು ಇರ್ತಾರಾ ಅಂತ ಕೇಳಿ, ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಒಂದು ಕಡೆಯಾ, ಎರಡೂ ಕಡೆಯಾ, ಯಾಕೆ ಅಂತ ಕೇಳಿ. ಮುಗಿದ ಮೇಲೆ ಯಾವ ಮಾತ್ರೆ, ಎಷ್ಟು ದಿನ ಅಂತ ಶುರುವಾಗುವ ಮೊದಲೇ ಕೇಳಿ. ಬ್ಯಾಂಕಿನ ಪಿನ್ನು, ಬೀರುವಿನ ಕೀ ಇಟ್ಟ ಜಾಗ, ಯಾರಿಗೆ ಎಷ್ಟು ಸಾಲ ಕೊಟ್ಟಿದೆ, ಇವನ್ನೆಲ್ಲ ಒಂದು ಕಡೆ ಬರೆಸಿಟ್ಟುಕೊಳ್ಳಿ. ರೋಗಿಗೆ ಮಾತು ಅರ್ಥವಾಗುವ ಸ್ಥಿತಿ ಇದ್ದರೆ ಅವರನ್ನೇ ಮೊದಲು ಕೇಳಿ, ಅವರ ಎದುರಿಗೇ ಮಾತಾಡಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಅನ್ನಲು ಸಂಕೋಚ ಬೇಡ. ಅಷ್ಟಾದ ಮೇಲೆ ಡಾಕ್ಟರು ಈಗಲೇ ಬೇಕು ಅಂದರೆ, ಬರುವ ಅಮಾವಾಸ್ಯೆ ಕಳೀಲಿ, ಹಬ್ಬ ಮುಗೀಲಿ ಅಂತ ಮುಂದಕ್ಕೆ ಹಾಕಬೇಡಿ.